ಅಂಗೈಯಲ್ಲಿಟ್ಟ ಉಂಗುರ

ಬಂದೂಕು ಹಿಡಿದು ಅಭ್ಯಾಸವಿಲ್ಲದವರು ಅದನ್ನು ಎರಡೂ ತೋಳುಗಳ ಮೇಲೆ ಅಡ್ಡ ಹಾಕಿಕೊಂಡು ಬರುತ್ತಾರೆ, ಸೌದೆ ಹೊತ್ತ ಹಾಗೆ. ಆ ಹೆಂಗಸು ಹಾಗೆಯೇ ಬಂದರು. ಹಳೆಯ ಕಂಬಳಿಯಲ್ಲಿ ಸುತ್ತಿದ್ದ ಬಂದೂಕನ್ನು ಮೇಜಿನ ಮೇಲೆ ಇಳಿಸಿದರು. ಬಿಡಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಅದರ ಮೇಲೇ ಕೈಯಿಟ್ಟುಕೊಂಡು ನಿಂತರು. ಅವರ ಹಿಂದೆ ಬಂದಿದ್ದ ಯುವಕ ಅಂಗಡಿಯೊಳಗೆ ಕಾಲಿಡಲಿಲ್ಲ. ಹೊಸ್ತಿಲಿನ ಆಚೆ ಕಲ್ಲಿನ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತ.

ನಮ್ಮದು ಬಂದೂಕು ರಿಪೇರಿಯ ಅಂಗಡಿ. ನಮ್ಮದು ಎಂದರೆ ನನ್ನ ಸೋದರಮಾವನದು. ನಾನು ಡಿಗ್ರಿ ಮುಗಿಸಿ, ನಾಲ್ಕು ಜನರೆದುರು ಬಾಯಿ ತೆರೆಯಲಾಗದೆ ಹೋದ ಕಡೆಯಿಂದೆಲ್ಲ ಕೆಲಸವಿಲ್ಲದೆ ವಾಪಸು ಬಂದು, ಕೋಣೆ ಸೇರಿ ಡೈರಿ ಬರೆಯುತ್ತ ಕೂತಿದ್ದೆ. ಮಾವ ಒಂದು ದಿನ ಬಂದು, "ನಿಂಗೂ ಬಂದೂಕಿಗೂ ಸರಿಹೋಗುತ್ತೆ ಬಾ, ಇಬ್ರೂ ಬಾಯಿ ಬಿಡೋದು ಅಪರೂಪ" ಎಂದು ಕರೆದುಕೊಂಡು ಬಂದಿದ್ದರು. ನನಗೆ ಪಿಸುಮಾತು ಎಂದು ಹೆಸರಿಟ್ಟವರೂ ಅವರೇ. ಆದರೆ ಅವರ ಲೆಕ್ಕ ಒಂದು ಕಡೆ ತಪ್ಪಿತ್ತು. ಇಡೀ ಆಯುಷ್ಯ ಬಂದೂಕು ಹಾರಿಸಿ ಪರೀಕ್ಷೆ ಮಾಡಿ ಮಾಡಿ ಮಾವನ ಕಿವಿ ಮುಕ್ಕಾಲು ಪಾಲು ಹೋಗಿದೆ. ಅವರೊಂದಿಗೆ ಕೆಲಸ ಮಾಡಬೇಕೆಂದರೆ ಕೂಗಲೇಬೇಕು. ಸ್ಕ್ರೂ ಡ್ರೈವರ್ ಬೇಕೆಂದರೂ ಕೂಗಬೇಕು, ತಲೆನೋವೆಂದರೂ ಕೂಗಬೇಕು. ಆ ಅಂಗಡಿಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ.

ಆ ಹೆಂಗಸು ಹೇಳಿದ್ದನ್ನೂ ನಾನು ಕೂಗಿಯೇ ಮಾವನಿಗೆ ಮುಟ್ಟಿಸಬೇಕಾಯಿತು. ಒಬ್ಬರ ದುಃಖವನ್ನು ಇನ್ನೊಬ್ಬರು ತುಂಡು ತುಂಡು ಮಾಡಿ ಕೂಗಿ ಹೇಳುವುದು ಎಂಥ ಹಿಂಸೆ ಎಂದು ಆವತ್ತು ಗೊತ್ತಾಯಿತು. "ಗಂಡ ತೀರಿಕೊಂಡರಂತೆ" ಎಂದು ನಾನು ಅರಚಿದಾಗ ಮೆಟ್ಟಿಲ ಮೇಲಿದ್ದ ಬೆನ್ನು ಇನ್ನಷ್ಟು ಬಾಗಿದ್ದು ಕಂಡಿತು.

ಆಗಿದ್ದು ಇಷ್ಟು. ಅವರದು ಆಲೂಗಡ್ಡೆ ಬೆಳೆ. ಹೊಲದ ಅಂಚಿನ ಪೊದೆಗೆ ಕಾಡುಹಂದಿ ಬಂದು ಸೇರಿಕೊಂಡಿತ್ತು. ಸಂಜೆ, ಇನ್ನೂ ಚೆನ್ನಾಗಿ ಬೆಳಕಿರುವಾಗ, ಅಣ್ಣ ತಮ್ಮ ಇಬ್ಬರೂ ಅದನ್ನು ಓಡಿಸಲು ಹೋದರು. ಅಣ್ಣ, ಅಂದರೆ ಈಕೆಯ ಗಂಡ, ದೊಣ್ಣೆ ಹಿಡಿದು ಒಂದು ಕಡೆಯಿಂದ ಪೊದೆ ಬಡಿಯುತ್ತ ಬಂದರು. ಅಣ್ಣನದೇ ಬಂದೂಕು ಹಿಡಿದು ತಮ್ಮ ಇನ್ನೊಂದು ಕಡೆ ನಿಂತಿದ್ದ. ಹಂದಿ ತಮ್ಮನ ಕಡೆಗೇ ನುಗ್ಗಿತು. ಆತ ಒಂದು ಗುಂಡು ಹಾರಿಸಿದ. ಅದು ತಗುಲಲಿಲ್ಲ. ಹಂದಿ ತಿರುಗಿ ಅಣ್ಣನ ಕಡೆ ಹೋಯಿತು. ಎರಡನೆಯ ಗುಂಡು ಹಾರಲಿಲ್ಲ.

ಬಂದೂಕು ಸಿಕ್ಕಿಹಾಕಿಕೊಂಡಿತು ಎನ್ನುತ್ತಾನೆ ತಮ್ಮ. ಅದನ್ನು ಬಿಡಿಸಿ, ಮುಂದಿನ ತೋಟಾವನ್ನು ಕೈಯಿಂದಲೇ ಎಳೆದು ಕೂರಿಸುವಷ್ಟರಲ್ಲಿ ಅಣ್ಣನೂ ಹಂದಿಯೂ ಒಂದೇ ರಾಶಿಯಾಗಿ ಉರುಳುತ್ತಿದ್ದರು. ಯಾರಿಗೆ ಹೊಡೆಯುವುದು? ಜನ ಓಡಿ ಬಂದು ಅವನ ಕೈಯಿಂದ ಬಂದೂಕು ಕಸಿದು ನೋಡಿದರೆ ಒಳಗೆ ತೋಟಾ ಸರಿಯಾಗಿ ಕೂತಿತ್ತು. ಮಾರನೆಯ ದಿನ ಹಿರಿಯರು ಅದೇ ಬಂದೂಕಿಗೆ ಒಂದು ತೋಟಾ ಹಾಕಿ ಹಾರಿಸಿದರು. ಢಂ ಎಂದು ಹಾರಿತು. ಬಂದೂಕಿಗೇನೂ ಆಗಿಲ್ಲ, ಇವನ ಕೈಕಾಲು ನಡುಗಿತು, ನಿಂತು ನೋಡಿದ ಎಂದು ತೀರ್ಮಾನವಾಯಿತು. ಹೆತ್ತ ತಾಯಿಯೇ ಅವನ ತಟ್ಟೆಯನ್ನು ಅಡುಗೆಮನೆಯಿಂದ ತೆಗೆದು ಹಿತ್ತಲ ಶೆಡ್ಡಿಗೆ ಕಳಿಸಿದ್ದರು. ಅಂದಿನಿಂದ ಆತ ಅಲ್ಲೇ ಉಣ್ಣುತ್ತಿದ್ದ, ಅಲ್ಲೇ ಮಲಗುತ್ತಿದ್ದ.

"ಅತ್ತೆ ಹೇಳೋದೂ ಸುಳ್ಳು ಅನ್ಸಲ್ಲ, ಇವನು ಹೇಳೋದೂ ಸುಳ್ಳು ಅನ್ಸಲ್ಲ," ಎಂದರು ಆಕೆ ನನ್ನನ್ನೇ ನೋಡುತ್ತ. "ನಾನು ಯಾರ ಮುಖ ನೋಡಿ ಬದುಕ್ಲಿ ಹೇಳಮ್ಮ. ನಂಗೆ ನಿಜ ಬೇಕು. ಯಾರ ಕಡೆ ಆದ್ರೂ ಸರಿ."

ಇದನ್ನು ನಾನು ಮಾವನಿಗೆ ಕೂಗಲಿಲ್ಲ. ಅವರು ಆಕೆಯ ಮುಖ ನೋಡಿಯೇ ತಲೆಯಾಡಿಸಿದರು.

ಮಾವನ ಪದ್ಧತಿ ಏನೆಂದರೆ ಬಂದೂಕನ್ನು ಮೊದಲು ಬಿಚ್ಚುವುದಿಲ್ಲ. ಬಿಚ್ಚಿ ಒರೆಸಿದರೆ ರೋಗ ಅಡಗಿಕೊಳ್ಳುತ್ತದೆ ಎನ್ನುತ್ತಾರೆ. ಬಂದದ್ದು ಬಂದ ಹಾಗೇ ಹಿತ್ತಲಿಗೆ ಹೋಗಬೇಕು. ಅಲ್ಲಿ ಎತ್ತರಕ್ಕೆ ಪೇರಿಸಿದ ಮರಳಿನ ಗುಡ್ಡೆಯಿದೆ, ಎರಡು ಕಡೆ ತಗಡಿನ ಬೇಲಿಯಿದೆ. ಅಂಗಡಿಯದೇ ತೋಟಾ ಹಾಕಿ ಹಾರಿಸಿ ನೋಡುವುದು. ಗಿರಾಕಿಗಳು ತರುವ ತೋಟಾಗಳನ್ನು ಮಾವ ನಂಬುವುದಿಲ್ಲ. ಹಿಟ್ಟಿನ ಡಬ್ಬದ ಪಕ್ಕದಲ್ಲಿ ಇಟ್ಟು ತಂಡಿ ಹಿಡಿಸಿಕೊಂಡು ಬಂದಿರುತ್ತಾರೆ ಎಂಬುದು ಅವರ ದೂರು.

ಮೂರು ತೋಟಾ ತುಂಬಿದರು. ಬೆನ್ನು ಮಾಡಿ ಕೂತಿದ್ದ ಮೈದುನ ಎದ್ದು ಬಂದು ತಗಡಿನ ಬೇಲಿಯ ಮೂಲೆಯಲ್ಲಿ ನಿಂತಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಎಂದಿನಂತೆ ಮಾವನ ಬಲಕ್ಕೆ, ಒಂದು ಹೆಜ್ಜೆ ಹಿಂದೆ, ಕಿವಿಗೆ ಹತ್ತಿಯಿಟ್ಟುಕೊಂಡು ನಿಂತೆ.

ಮೂರೂ ಹಾರಿದವು. ಒಂದರ ಹಿಂದೆ ಒಂದು, ತಡೆಯೇ ಇಲ್ಲದೆ.

ಮಾವ ಬಂದೂಕು ಇಳಿಸಿ ಮರಳಿನ ಮೇಲಿನ ಗುರುತು ನೋಡಿದರು. ಆಕೆ ಕಣ್ಣು ಮುಚ್ಚಿಕೊಂಡರು. ಮೈದುನ ಬೇಲಿಗೆ ಒರಗಿದ. ತಗಡು ಕಿರ್ರೆಂದಿತು. ಆತ ವಾದಿಸಲಿಲ್ಲ. "ಆವತ್ತು ಸಿಕ್ಕಿಹಾಕ್ಕೊಂಡಿತ್ತು" ಎಂದು ಇನ್ನೊಂದು ಸಲ ಹೇಳಲೂ ಇಲ್ಲ. ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ನಿಜವಾಗಿಯೂ ಸಿಕ್ಕಿತ್ತೋ, ತಾನೇ ಹಾಗೆಂದುಕೊಂಡೆನೋ ಎಂದು ಅವನಿಗೇ ಅನುಮಾನ ಬಂದಂತಿತ್ತು.

ನನಗೆ ಎದುರಿನವರ ಮುಖ ನೋಡಿ ನಿಲ್ಲುವ ಅಭ್ಯಾಸವಿಲ್ಲ. ಎಲ್ಲಿ ಹೋದರೂ ನನ್ನ ಕಣ್ಣು ನೆಲದ ಮೇಲೆ. ಅಮ್ಮ ಅದಕ್ಕಾಗಿ ಬೈಯದ ದಿನವಿಲ್ಲ. ಆಗಲೂ ನೆಲವನ್ನೇ ನೋಡುತ್ತಿದ್ದೆ. ಖಾಲಿ ತೋಟಾಗಳು ಮೂರೂ ನನ್ನ ಕಾಲ ಬುಡದಲ್ಲಿ ಬಿದ್ದಿದ್ದವು.

ಅವು ಅಲ್ಲಿರಬಾರದಿತ್ತು.

ಈ ಬಗೆಯ ಬಂದೂಕಿನಲ್ಲಿ ಮುಂದಿನ ತೋಟಾವನ್ನು ಕೈಯಿಂದ ಎಳೆದು ಕೂರಿಸುವ ಕೆಲಸವಿಲ್ಲ. ಗುಂಡು ಹಾರಿದಾಗ ಹುಟ್ಟುವ ಬಿಸಿ ಹೊಗೆಯಲ್ಲಿ ಒಂದು ಪಾಲು ನಳಿಗೆಯ ಸಣ್ಣ ತೂತಿನಿಂದ ಕೆಳಗಿಳಿದು ಒಳಗಿನ ಕಬ್ಬಿಣವನ್ನು ಹಿಂದಕ್ಕೆ ದಬ್ಬುತ್ತದೆ. ಅದು ಹಿಂದೆ ಹೋಗುವಾಗ ಖಾಲಿಯಾದದ್ದನ್ನು ಆಚೆ ಎಸೆಯುತ್ತದೆ, ಮುಂದೆ ಬರುವಾಗ ಹೊಸದನ್ನು ಕೂರಿಸುತ್ತದೆ. ಆರೋಗ್ಯವಾಗಿರುವ ಬಂದೂಕು ಖಾಲಿ ತೋಟಾವನ್ನು ರಭಸದಿಂದ ಎಸೆಯುತ್ತದೆ. ನಮ್ಮ ಬಲಗಡೆಯ ತಗಡಿನ ಮೇಲೆಲ್ಲ ಹಾಗೆ ಬಡಿದ ತಗ್ಗುಗಳೇ. ಇದು ಮಾತ್ರ ಕೈಲಾಗದವನು ಚೆಂಡೆಸೆದ ಹಾಗೆ ಅಲ್ಲೇ ಉದುರಿಸಿತ್ತು. ಮಾವ ಮರಳಿನ ಗುರುತು ನೋಡುತ್ತಿದ್ದರು, ತಗಡಿಗೆ ಬಡಿಯಲಿಲ್ಲ ಎಂಬುದು ಅವರ ಕಿವಿಗೆ ಬೀಳುವಂತಿರಲಿಲ್ಲ.

ಹೇಳಬೇಕು ಅನ್ನಿಸಿತು. ಆದರೆ ಹೇಳಿ ಆಮೇಲೆ ಏನೂ ಇಲ್ಲವೆಂದಾದರೆ ಇವರಿಗೆ ಇಲ್ಲದ ಆಸೆ ಹುಟ್ಟಿಸಿದ ಪಾಪ ನನಗೆ. ಅಷ್ಟರಲ್ಲಿ ಆಕೆ ಕಂಬಳಿ ಮಡಚತೊಡಗಿದ್ದರು. ಮಡಚುವ ಆ ಕೈಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮಾವ," ಎಂದು ಕೂಗಿದೆ. "ನಮ್ಮ ತೋಟಾ ಜೋರು. ಅವರ ತೋಟಾ ಹಾಕಿ ನೋಡಿ."

ಮಾವ ನನ್ನನ್ನು ನೋಡಿದರು. ನಾನು ಕಾಲ ಬುಡ ತೋರಿಸಿದೆ. ಅವರು ಬಗ್ಗಿ ಒಂದು ಖಾಲಿ ತೋಟಾ ಎತ್ತಿಕೊಂಡು, ತಗಡಿನ ಕಡೆಯೊಮ್ಮೆ ಕಣ್ಣು ಹಾಯಿಸಿ, ಆಕೆಯ ಮುಂದೆ ಕೈ ಚಾಚಿದರು.

ಆಕೆಯ ಚೀಲದಲ್ಲಿ ಆವತ್ತಿನ ತೋಟಾ ಡಬ್ಬವೇ ಇತ್ತು. ಹೆದರಿಸಿ ಓಡಿಸುವುದಕ್ಕೆ ಇಷ್ಟು ಸಾಕು ಎಂದು ಗಂಡ ಯಾವಾಗಲೂ ಕಮ್ಮಿ ಮದ್ದಿನ ಹಗುರ ತೋಟಾಗಳನ್ನೇ ತರುತ್ತಿದ್ದರಂತೆ. ಮಾವ ಅದರಲ್ಲಿ ಮೂರು ತುಂಬಿದರು. ಮೊದಲನೆಯದು ಹಾರಿತು. ಮತ್ತೆ ಒತ್ತಿದರು. ಬಂದೂಕು ಸುಮ್ಮನಿತ್ತು. ಖಾಲಿ ತೋಟಾ ಅರ್ಧ ಹೊರಗೆ ಬಂದು, ಬಾಗಿಲಿಗೆ ಸಿಕ್ಕ ಬೆರಳಿನಂತೆ, ನೆಟ್ಟಗೆ ನಿಂತುಬಿಟ್ಟಿತ್ತು.

ಮೈದುನ ಹತ್ತಿರ ಬಂದ. ಅದನ್ನು ಮುಟ್ಟಲಿಲ್ಲ. "ಹೀಗೇ," ಎಂದ. ಅಲ್ಲೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಮಾವ ಸಿಕ್ಕಿದ್ದನ್ನು ಬಿಡಿಸಿ ಉಳಿದವನ್ನು ಹೊರತೆಗೆದರು. ಎಂದೂ ಗಿರಾಕಿಗಳ ಮುಂದೆ ಕೋಪ ತೋರಿಸದವರು ಆವತ್ತು ಸಿಡುಕಿದರು. "ಒಂದೇ ಒಂದು ಹಾಕಿ ನೋಡಿದ್ರೆ ಯಾವ ಬಂದೂಕೂ ಕೆಟ್ಟಿರಲ್ಲ ತಾಯಿ. ಮೊದಲ್ನೇದು ಹಾರೇ ಹಾರುತ್ತೆ. ನಿಮ್ಮೂರ ಹಿರಿಯರಿಗೆ ಎರಡು ಹಾಕೋಕೆ ಏನಾಗಿತ್ತು?" ಆಮೇಲೆ ದನಿ ತಗ್ಗಿಸಿ, "ನಾನೂ ಈಗ ಅವರ ಹಾಗೇ ಬಂದೂಕು ಸರಿಯಿದೆ ಅಂತ ಕಳಿಸಿಬಿಡ್ತಿದ್ದೆ," ಎಂದರು. ಅವರ ತಗ್ಗಿದ ದನಿಯೂ ಬೀದಿಗೆ ಕೇಳುವಂಥದ್ದು.

ಮೇಜಿನ ಮೇಲೆ ಬಂದೂಕು ಬಿಚ್ಚಿದ್ದು ನಾನು. ಮುಂದಿನ ಮರದ ಹಿಡಿ ತೆಗೆದು, ನಳಿಗೆಯನ್ನು ಎಳೆದು ಬದಿಗಿಟ್ಟೆ. ಕೆಳಗಿನ ಉದ್ದ ಕೊಳವೆಯ ಮೇಲೆ, ಹೊಗೆ ಇಳಿಯುವ ಜಾಗದ ಮುಂದುಗಡೆ, ಒಂದು ರಬ್ಬರಿನ ಉಂಗುರ ಕೂತಿರುತ್ತದೆ. ಬಳೆಗಿಂತ ಚಿಕ್ಕದು, ದಾರಕ್ಕಿಂತ ಸ್ವಲ್ಪ ದಪ್ಪ. ಅದರ ಕೆಲಸ ಹೊಗೆ ಸೋರದಂತೆ ತಡೆಯುವುದು, ಅಷ್ಟೇ. ಅದು ಸವೆದರೆ ದಬ್ಬುವ ಶಕ್ತಿಯೆಲ್ಲ ಮುಂದಿನಿಂದ ಸೋರಿಹೋಗುತ್ತದೆ. ಜೋರು ತೋಟಾವಾದರೆ ಸೋರಿ ಉಳಿದದ್ದರಲ್ಲೇ ಹೇಗೋ ತೇಕಿಕೊಂಡು ಕೆಲಸವಾಗುತ್ತದೆ. ಹಗುರದ್ದಾದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಚಿಮಟದಿಂದ ಎತ್ತಿದ ಕೂಡಲೇ ಉಂಗುರ ಎರಡು ಕಡೆ ಬಾಯಿ ಬಿಟ್ಟಿತು. ಒಂದು ಕಡೆ ಉಬ್ಬಿ ಅಂಟಂಟಾಗಿತ್ತು, ಇನ್ನೊಂದು ಕಡೆ ತೆಳ್ಳಗೆ ಸವೆದು ಹೋಗಿತ್ತು. ಮುಟ್ಟಿದರೆ ಬೆರಳಿಗೆ ಕಪ್ಪು ಬಂತು. ಜೊತೆಗೆ ಒಂದು ವಾಸನೆಯೂ ಬಂತು. ಸೀಮೆಎಣ್ಣೆ.

ನನಗೆ ತಕ್ಷಣ ಅರ್ಥವಾಯಿತು. ಈ ಉಂಗುರ ಬರೀ ವಯಸ್ಸಾಗಿ ಹೋದದ್ದಲ್ಲ. ಕಬ್ಬಿಣಕ್ಕೆ ಒಳ್ಳೆಯದೆಂದು ಯಾರೋ ಮತ್ತೆ ಮತ್ತೆ ಸೀಮೆಎಣ್ಣೆಯಲ್ಲಿ ತೊಯ್ಯಿಸಿ ಒರೆಸಿದ್ದರು. ಬಂದೂಕಿನ ಕಬ್ಬಿಣ ಕನ್ನಡಿಯ ಹಾಗಿತ್ತು, ಒಂದು ಚುಕ್ಕೆ ತುಕ್ಕಿಲ್ಲ. ರಬ್ಬರು ಮಾತ್ರ ಉಬ್ಬಿ, ಮೆತ್ತಗಾಗಿ, ಕೊಳೆತುಹೋಗಿತ್ತು. ಯಾರು ಒರೆಸುತ್ತಿದ್ದರು ಎಂದು ಕೇಳುವ ಅಗತ್ಯವಿರಲಿಲ್ಲ. ಬಂದೂಕು ಯಾರದು?

ಮಾವನ ಇನ್ನೊಂದು ಪದ್ಧತಿಯಿದೆ. ಬಿಚ್ಚಿ ತೆಗೆದ ಹಳೆಯ ಭಾಗವನ್ನು ವಾರಸುದಾರರ ಅಂಗೈಯಲ್ಲೇ ಇಡಬೇಕು. ಮೇಜಿನ ಮೇಲಲ್ಲ, ಕಾಗದದಲ್ಲಿ ಸುತ್ತಿಯೂ ಅಲ್ಲ. ಏನು ತೆಗೆದೆವು ಎಂಬುದು ಅವರ ಕೈಗೆ ಗೊತ್ತಾಗಬೇಕು ಎನ್ನುತ್ತಾರೆ. ಒಡೆದ ಸ್ಪ್ರಿಂಗಿನಿಂದ ಹಿಡಿದು ಮುರಿದ ಮೊಳೆಯವರೆಗೆ ನಾನೇ ಎಷ್ಟೋ ಕೈಗಳಲ್ಲಿ ಇಟ್ಟಿದ್ದೇನೆ. ಆವತ್ತು ಉಂಗುರವನ್ನು ಸೀದಾ ಕಸದ ಡಬ್ಬಕ್ಕೆ ಹಾಕಿಬಿಡೋಣ ಅನ್ನಿಸಿತು. ಆದರೆ ಆಕೆ ಆಗಲೇ ಅಂಗೈ ಚಾಚಿದ್ದರು. ನನ್ನ ಬೆರಳ ಕಪ್ಪನ್ನು ನೋಡಿ, ಇದೇನಾ ಎಂದು ಕೇಳಿದರು. ಇಟ್ಟೆ.

"ಹಳೇದಾಗಿದೆ ತಾಯಿ," ಎಂದು ಮಾವ ಆಚೆಯಿಂದ ಕೂಗಿದರು. "ರಬ್ಬರಿಗೂ ವಯಸ್ಸಾಗುತ್ತಲ್ಲ." ಅವರು ನನ್ನ ಮುಖ ನೋಡಲಿಲ್ಲ. ಕಿವಿ ಕೇಳದಿದ್ದರೂ ಅವರ ಮೂಗು ಚೆನ್ನಾಗಿಯೇ ಇದೆ.

ಆಕೆ ಉಂಗುರವನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ, ಬಹುಶಃ ಯೋಚಿಸದೆಯೇ, ಮೂಗಿನ ಹತ್ತಿರ ತಂದರು. ತಂದ ಕೈ ಅಲ್ಲೇ ನಿಂತಿತು. ಬೇರೆ ಯಾವುದೋ ಕೋಣೆಯಲ್ಲಿ ನಿಂತವರಂತೆ ಅವರು ನಿಂತೇ ಇದ್ದರು.

ಕೊನೆಗೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಮಾತಾಡಿದರು. ಬಿಡುವಿನ ದಿನ ಸಂಜೆ ಗಂಡ ಬಂದೂಕು ಒರೆಸಲು ಕೂತರೆ ಮನೆಯೆಲ್ಲ ಇದೇ ವಾಸನೆ. ರಾತ್ರಿ ಊಟಕ್ಕೆ ಕೂತಾಗಲೂ ಕೈಯಲ್ಲಿ ಇದೇ. ಎಷ್ಟು ಸಾಬೂನು ಹಾಕಿದರೂ ಹೋಗುತ್ತಿರಲಿಲ್ಲ. ತಾನು ಬೈಯುತ್ತಿದ್ದೆ, ಒರೆಸಲು ಮೆತ್ತಗಿನ ಹಳೇ ಬಟ್ಟೆಯನ್ನೂ ತಾನೇ ಹರಿದು ಕೊಡುತ್ತಿದ್ದೆ ಎಂದರು. ಆಮೇಲೆ ಕೇಳಿದರು:

"ಇದು ವಯಸ್ಸಾಗಿ ಹೀಗಾಗಿದ್ದಾ? ಎಣ್ಣೆಯಿಂದಾನಾ?"

ಆ ಅಂಗಡಿಯಲ್ಲಿ ಮಾವನಿಗೆ ಕೇಳದಂತೆ ಒಬ್ಬರು ನನ್ನೊಡನೆ ಪಿಸುಗುಟ್ಟಿದ್ದು ಅದೇ ಮೊದಲು. ಸುಳ್ಳು ಹೇಳುವುದು ಸುಲಭವಿತ್ತು, ಮಾವ ದಾರಿಯನ್ನೂ ಮಾಡಿಕೊಟ್ಟಿದ್ದರು. ವಯಸ್ಸಾಗಿ ಎಂದರೆ ಮೈದುನನ ಮೇಲಿನ ಕಳಂಕವೂ ಹೋಗುತ್ತದೆ, ಸತ್ತವರಿಗೂ ಏನೂ ತಾಕುವುದಿಲ್ಲ. ಆದರೆ ಆಕೆ ಮೊದಲೇ ಹೇಳಿದ್ದರು, ಯಾರ ಕಡೆ ಆದರೂ ಸರಿ ಎಂದು. ಆಗ ಅವರಿಗೆ ಗೊತ್ತಿದ್ದ ಕಡೆಗಳು ಎರಡೇ, ಅತ್ತೆಯದು, ಮೈದುನನದು.

"ಎಣ್ಣೆಯಿಂದ," ಎಂದೆ. "ಕಬ್ಬಿಣಕ್ಕೆ ಒಳ್ಳೇದು. ರಬ್ಬರಿಗೆ ಆಗಲ್ಲ. ತುಂಬ ಜನಕ್ಕೆ ಗೊತ್ತಿರಲ್ಲ."

ಅವರು ತಲೆಯಾಡಿಸಿದರು. ಅಳಲಿಲ್ಲ. ಉಂಗುರವಿದ್ದ ಕೈಯನ್ನು ಮುಚ್ಚಿಕೊಂಡರು.

ಆಗಲೇ ಬಾಗಿಲಲ್ಲಿ ನೆರಳು ಕಂಡಿತು. ಮೈದುನ ಒಳಗೆ ಬಂದಿದ್ದ. ಎಷ್ಟು ಕೇಳಿಸಿಕೊಂಡನೋ ತಿಳಿಯದು. ಅತ್ತಿಗೆಯ ಮುಚ್ಚಿದ ಕೈಯನ್ನೂ ನನ್ನನ್ನೂ ನೋಡಿ ಮತ್ತೆ ಹಿತ್ತಲ ಕಡೆ ನಡೆದ.

ಹೊಸ ಉಂಗುರ ಹಾಕಿದೆ. ಹೊಗೆ ಇಳಿಯುವ ತೂತನ್ನು ತಂತಿಯಿಂದ ಚೊಕ್ಕ ಮಾಡಿ, ಕೊಳವೆಯ ಮಸಿ ಒರೆಸಿ, ನಳಿಗೆ ಕೂರಿಸಿದೆ. ಮಾವ ಒಮ್ಮೆ ಹಿಂದೆ ಮುಂದೆ ಎಳೆದು ನೋಡಿ ಆಕೆಯ ಡಬ್ಬದಿಂದಲೇ ಮೂರು ತೋಟಾ ತೆಗೆದುಕೊಂಡು ಹಿತ್ತಲಿಗೆ ಹೋದರು. ಬಂದೂಕನ್ನು ಮೈದುನನ ಕಡೆ ಚಾಚಿದರು. ಆತ ಹಿಂದೆ ಸರಿದ. ಬೇಡ ಎಂದ. ಮಾವನಿಗೆ ಕಿವಿ ಕೇಳಿಸದಿರುವುದರಲ್ಲಿ ಒಂದು ಅನುಕೂಲವಿದೆ, ಬೇಡ ಎಂಬುದೂ ಕೇಳಿಸುವುದಿಲ್ಲ. ಚಾಚಿದ ಕೈಯನ್ನು ಹಿಂದೆ ತೆಗೆಯದೆ ಹಾಗೇ ನಿಂತಿದ್ದರು. ಕೊನೆಗೆ ಆತನೇ ತೆಗೆದುಕೊಂಡ.

ಮೂರು ಸದ್ದು. ಪ್ರತಿಯೊಂದರ ಹಿಂದೆಯೂ ಬಲಗಡೆಯ ತಗಡು ಠಣ್ಣೆಂದಿತು. ನನ್ನ ಕಾಲ ಬುಡದಲ್ಲಿ ಏನೂ ಬೀಳಲಿಲ್ಲ.

ಬಂದೂಕು ಇಳಿಸಿದ ಮೇಲೂ ಆತ ಮರಳಿನ ಗುಡ್ಡೆಯನ್ನೇ ನೋಡುತ್ತ ನಿಂತಿದ್ದ, ಅದರಿಂದ ಇನ್ನೂ ಏನೋ ಎದ್ದು ಬರಬೇಕು ಎಂಬಂತೆ. ಮಾವ ಮೆಲ್ಲಗೆ ಅವನ ಕೈಯಿಂದ ಬಂದೂಕು ಬಿಡಿಸಿಕೊಂಡರು. ಅತ್ತಿಗೆ ಹತ್ತಿರ ಹೋಗಿ ನಿಂತಾಗ ಆತ ಕತ್ತು ತಿರುಗಿಸದೆಯೇ ಮಾತಾಡಿದ.

"ಎಣ್ಣೆ ವಿಷ್ಯ ಮನೇಲಿ ಹೇಳ್ಬೇಡಿ ಅತ್ತಿಗೆ."

"ಯಾಕೆ?"

"ಅಮ್ಮಂಗೆ ಅಣ್ಣ ಅಂದ್ರೆ ಪ್ರಾಣ. ನಂಗೆ ಹೇಗೂ ಅಭ್ಯಾಸ ಆಗಿದೆ. ನನ್ನ ಮೇಲೇ ಇರ್ಲಿ ಬಿಡಿ."

ಆಕೆ ಅವನ ಎದುರಿಗೆ ಬಂದು ನಿಂತರು. ಆ ಹೊತ್ತಿನಲ್ಲಿ ನಾನು ಒಳಗೆ ಹೋಗಬೇಕಿತ್ತು. ಕಾಲು ಬರಲಿಲ್ಲ.

"ನಿಮ್ಮಣ್ಣ ಎಂಥ ಮನುಷ್ಯ ಅಂತ ನಿಂಗೆ ನಾನು ಹೇಳ್ಬೇಕಾ? ಕೈಯಿಂದ ಏನಾದ್ರೂ ತಪ್ಪಾದ್ರೆ ಊಟಕ್ಕೆ ಕೂತು ಮೊದ್ಲು ಅದನ್ನ ಹೇಳ್ತಿದ್ರು, ಆಮೇಲೇ ತಟ್ಟೆಗೆ ಕೈ. ನೀರಿನ ಪಂಪು ಸುಟ್ಟಾಗ್ಲೂ ಹಾಗೇ. ಒಂದೊಂದ್ಸಲ ನಂಗೇ ನಗು ಬರ್ತಿತ್ತು. ಇವತ್ತು ಅವರಿಲ್ಲ. ಅವರ ಬದ್ಲು ನಾನು ಹೇಳ್ತೀನಿ. ನೀನು ಪಕ್ಕದಲ್ಲಿ ಕೂತಿರು."

"ಅಮ್ಮ ಒಳಗೆ ಬಿಡಲ್ಲ."

"ತಟ್ಟೆ ತರೋಳು ನಾನು."

"ಅಮ್ಮ ನಂಬಲ್ಲ ಅತ್ತಿಗೆ."

ಆಕೆ ಮುಚ್ಚಿದ್ದ ಕೈಯನ್ನು ಬಿಚ್ಚಿ ತೋರಿಸಿದರು. ಉಂಗುರ ಅಂಗೈಗೆ ಅಂಟಿಕೊಂಡು ಕಪ್ಪು ಗುರುತು ಬಿಟ್ಟಿತ್ತು. "ಇದನ್ನ ಅವರ ಕೈಲಿ ಇಡ್ತೀನಿ. ಮೂಸಿ ನೋಡ್ಲಿ. ಮಗನ ಕೈ ವಾಸನೆ ಅಮ್ಮಂಗೆ ಗೊತ್ತಾಗಲ್ವಾ?"

ಆತ ಆಗ ಅತ್ತ. ಸದ್ದಿಲ್ಲದೆ, ಬಾಯಿಗೆ ತೋಳು ಅಡ್ಡ ಇಟ್ಟುಕೊಂಡು. ಅಣ್ಣ ಸತ್ತ ಮೇಲೆ ಅವನಿಗೆ ಅಳುವುದಕ್ಕೂ ಯಾರೂ ಬಿಟ್ಟಿರಲಿಲ್ಲವೇನೋ ಅನ್ನಿಸಿತು. ಹೆದರಿ ನಿಂತವನಿಗೆ ಅಳುವ ಹಕ್ಕೆಲ್ಲಿ?

ಹೊರಡುವಾಗ ಮಾವ ಆಕೆಗೆ ಹಸಿರು ಡಬ್ಬದ ಬಂದೂಕಿನ ಎಣ್ಣೆಯನ್ನೂ ಎರಡು ಹೊಸ ಉಂಗುರಗಳನ್ನೂ ಕೊಟ್ಟರು. ಒರೆಸುವಾಗ ಉಂಗುರವನ್ನು ಮೊದಲು ತೆಗೆದಿಡಬೇಕು, ಅದಕ್ಕೆ ಬರೀ ಒಣಬಟ್ಟೆ ಸಾಕು ಎಂದು ಮೈದುನನಿಗೆ ನಾನು ತೋರಿಸಿಕೊಟ್ಟೆ. ಆತ ಎರಡೆರಡು ಸಲ ಮಾಡಿ ನೋಡಿದ. ಬಂದೂಕನ್ನು ಆಕೆ ಈ ಸಲ ಸೌದೆಯಂತೆ ಹೊರಲಿಲ್ಲ. ಕಂಬಳಿ ಸುತ್ತಿ ಮೈದುನನ ಕೈಗೆ ಕೊಟ್ಟರು. ಹಳೆಯ ಉಂಗುರಕ್ಕೆ ಕಾಗದ ಕೊಡಲು ಹೋದೆ, ಬೇಡವೆಂದರು. ಮುಷ್ಟಿಯಲ್ಲೇ ಇಟ್ಟುಕೊಂಡು ಮೆಟ್ಟಿಲಿಳಿದರು.

ಅವರು ಬೀದಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಮಾವ ನನ್ನ ಪಕ್ಕ ಬಂದು ನಿಂತರು. ಹಿತ್ತಲಲ್ಲಿ ಅಷ್ಟು ಹೊತ್ತು ಏನು ಮಾತಾಡಿಕೊಂಡರು ಎಂದು ಕೇಳಿದರು. ತುಟಿ ಅಲ್ಲಾಡಿದ್ದು ನೋಡಿದ್ದರು, ಅಷ್ಟೇ.

ಸುಮ್ಮನೆ ಕೈಸನ್ನೆ ಮಾಡಿ ಮುಗಿಸಬಹುದಿತ್ತು. ಆದರೆ ನಾನು ಕೂಗಿದೆ, ನನ್ನ ಎದೆಯಲ್ಲಿದ್ದಷ್ಟೂ ಉಸಿರು ಹಾಕಿ.

"ಇವತ್ತು ಒಳಗೇ ಊಟಕ್ಕೆ ಕೂರ್ತಾರಂತೆ ಮಾವ. ಎಲ್ಲರ ಜೊತೆ."

ಬೀದಿಯ ಆ ತುದಿಯಲ್ಲಿ ಇಬ್ಬರೂ ನಿಂತು ತಿರುಗಿ ನೋಡಿದರು.